ಅಗರಬತ್ತಿ ರಫ್ತಿಗೆ ಅಪಾಯದ ಲೇಬಲ್: ಒಂದು ಸಲಹಾ ಸೇವೆಯ ವಿಮರ್ಶೆ

ಮೈಸೂರಿನ ನಮ್ಮ ಸಣ್ಣ ಘಟಕದಿಂದ ಜರ್ಮನಿಗೆ ಹೋಗುವ ಅಗರಬತ್ತಿಗಳ ಅಪಾಯ ವರ್ಗೀಕರಣ ಹಾಗೂ ಲೇಬಲ್ ತಯಾರಿಯನ್ನು ಬೆಂಗಳೂರಿನ ಸಲಹಾ ಸಂಸ್ಥೆಯೊಂದಕ್ಕೆ ವಹಿಸಿದ್ದೆವು. ಮೆಚ್ಚುಗೆಯ ಜೊತೆಗೆ ಒಂದು ದೊಡ್ಡ ದೂರೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಸುಗಂಧದೆಣ್ಣೆ ಹೀರಿದ ಬತ್ತಿ ನಮಗೆ ಪೂಜಾ ಸಾಮಗ್ರಿ. ರಾಸಾಯನಿಕಗಳ ವರ್ಗೀಕರಣ, ಲೇಬಲ್, ಪ್ಯಾಕಿಂಗ್ ಕುರಿತ ಐರೋಪ್ಯ ಒಕ್ಕೂಟದ ಸಿಎಲ್‌ಪಿ ನಿಯಮಕ್ಕೆ (1272/2008) ಅದು ರಾಸಾಯನಿಕ ಮಿಶ್ರಣ. ಕಾನೂನಿನ ಹೊಣೆ ಅಲ್ಲಿನ ಆಮದುದಾರರದ್ದೇ ಆದರೂ, ಎಣ್ಣೆಯಲ್ಲಿ ಏನೇನಿದೆಯೆಂಬ ವಿವರ ಇಲ್ಲಿಂದಲೇ ಹೋಗಬೇಕಾದ್ದರಿಂದ ಆ ಭಾರ ಕೊನೆಗೆ ನಮ್ಮ ಹೆಗಲಿಗೇ ಬರುತ್ತದೆ.

ನಿಯಮಗಳ ಬದಲಾವಣೆಯನ್ನು ಗಮನಿಸುತ್ತಿರುವುದರಲ್ಲಿ ಇವರಿಗೆ ಪೂರ್ಣ ಅಂಕ ಕೊಡಬಹುದು. ನಮ್ಮ ಹಳೆಯ ಮಲ್ಲಿಗೆ ಎಣ್ಣೆಯಲ್ಲಿ ಲಿಲಿಯಲ್ ಎಂಬ ಕೃತಕ ಸುಗಂಧ ರಾಸಾಯನಿಕ ಇರುವುದನ್ನು ಮೊದಲ ವಾರದಲ್ಲೇ ಪತ್ತೆಹಚ್ಚಿದರು. 2022ರ ಮಾರ್ಚ್ 1ರಿಂದ ಅದು ಸಂತಾನೋತ್ಪತ್ತಿಗೆ ಹಾನಿಕರವೆಂಬ 1ಬಿ ವರ್ಗದಲ್ಲಿದ್ದು, 0.3% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಕನ್ನು ಸಾಮಾನ್ಯ ಗ್ರಾಹಕರಿಗೆ ಮಾರುವಂತೆಯೇ ಇಲ್ಲ. ಹಾರ್ಮೋನ್ ವ್ಯವಸ್ಥೆಯನ್ನು ಕೆಡಿಸುವ ವಸ್ತುಗಳು, ಪರಿಸರದಲ್ಲಿ ವಿಘಟನೆಯಾಗದೆ ಉಳಿದು ಜೀವಿಗಳ ದೇಹದಲ್ಲಿ ಶೇಖರವಾಗುವ ವಸ್ತುಗಳು ಮೊದಲಾದವುಗಳಿಗಾಗಿ 2023ರಲ್ಲಿ ಸೇರಿಸಿದ ಹೊಸ ಅಪಾಯ ವರ್ಗಗಳು ಹೊಸ ಮಿಶ್ರಣಗಳಿಗೆ 2026ರ ಮೇ 1ರಿಂದ, ಈಗಾಗಲೇ ಮಾರುಕಟ್ಟೆಯಲ್ಲಿರುವ ಮಿಶ್ರಣಗಳಿಗೆ 2028ರ ಮೇ 1ರಿಂದ ಅನ್ವಯಿಸುತ್ತವೆ ಎಂಬುದನ್ನು ನಮ್ಮ ಪ್ರತಿಯೊಂದು ಸುವಾಸನೆಯ ಎದುರೂ ಬರೆದು ಕೊಟ್ಟರು.

ಎಡವಿದ್ದು ಲೆಕ್ಕದಲ್ಲಿ. ನಮ್ಮ ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್ ಎಂಬ ಸುಗಂಧ ಘಟಕ 5% ಇದೆ. ಚರ್ಮದ ಅಲರ್ಜಿಗೆ ಸಂಬಂಧಿಸಿದಂತೆ ಅದರ ಮಿತಿ 1% ಆದ್ದರಿಂದ ಎಣ್ಣೆಯ ಡಬ್ಬಿಗೆ ಕೆಂಪು ಅಂಚಿನ ಉದ್ಗಾರ ಚಿಹ್ನೆ ಬೇಕು. ಆದರೆ ಬತ್ತಿಯ ತೂಕದಲ್ಲಿ ಎಣ್ಣೆ ಇರುವುದು 15% ಮಾತ್ರ. ಅಂದರೆ ಲಿನಲೂಲ್ 0.75%ಕ್ಕೆ ಇಳಿಯುತ್ತದೆ. ಬೇರೆ ಯಾವ ಘಟಕವೂ ಮಿತಿ ದಾಟದ ಈ ಬತ್ತಿಗೆ ಚಿಹ್ನೆ ಬೇಡ, 'ಲಿನಲೂಲ್ ಇದೆ, ಅಲರ್ಜಿ ಉಂಟುಮಾಡಬಹುದು' ಎಂಬ, ಇಯುಎಚ್208 ಸಂಕೇತದ ಎಚ್ಚರಿಕೆ ವಾಕ್ಯ ಸಾಕು. ಇವರು ಎಣ್ಣೆ ಸರಬರಾಜುದಾರರ ಸುರಕ್ಷತಾ ಮಾಹಿತಿ ಪತ್ರವನ್ನೇ ಬತ್ತಿಗೂ ನಕಲು ಮಾಡಿದ್ದರು. ಹೀಗೆ ಬಂದ ಬೇಡದ ಚಿಹ್ನೆ ಆಮದುದಾರರ ಕಣ್ಣಿಗೆ ಬೀಳುವ ಹೊತ್ತಿಗೆ ನಾಲ್ಕು ಸಾವಿರ ಪೆಟ್ಟಿಗೆಗಳು ಅಚ್ಚಾಗಿದ್ದವು. (ಅಪಾಯವನ್ನು ಹೆಚ್ಚಿಸಿ ತೋರಿಸಿದರೆ ನಷ್ಟವೇನು ಎಂದು ಅವರ ಸಿಬ್ಬಂದಿ ಕೇಳಿದ್ದು ನನಗೆ ಇನ್ನೂ ಅರ್ಥವಾಗಿಲ್ಲ.) ತಿದ್ದಿದ ಲೇಬಲ್‌ಗೆ ಮತ್ತೆ ಶುಲ್ಕ ಕೇಳಲಿಲ್ಲ; ಮರುಮುದ್ರಣದ ಖರ್ಚು ಮಾತ್ರ ನಮ್ಮದೇ ಆಯಿತು.

ಜರ್ಮನ್ ಪಠ್ಯದ ಬಗ್ಗೆ ತಕರಾರಿಲ್ಲ. ಅರ್ಧ ಲೀಟರ್‌ವರೆಗಿನ ಪೊಟ್ಟಣಗಳಿಗೆ 2024ರ ತಿದ್ದುಪಡಿ ಹೇಳಿದ 1.2 ಮಿಲಿಮೀಟರ್ ಅಕ್ಷರದ ಎತ್ತರವನ್ನೂ ಬಿಳಿಯ ಮೇಲೆ ಕಪ್ಪು ಮುದ್ರಣವನ್ನೂ ಈಗಲೇ ಅಳವಡಿಸಿದ್ದಾರೆ. ನಮ್ಮ ಷಟ್ಕೋನ ಪೆಟ್ಟಿಗೆಯ ಇಕ್ಕಟ್ಟಾದ ಮುಖದಲ್ಲಿ ಅಷ್ಟನ್ನು ಹಿಡಿಸಿದ್ದು ಸಣ್ಣ ಕೆಲಸವೇನಲ್ಲ.

ಒಂದು ಸುವಾಸನೆಗೆ 6,500 ರೂಪಾಯಿ ಶುಲ್ಕ. ಉಳಿದ ನಾಲ್ಕು ಸುವಾಸನೆಗಳನ್ನೂ ಅವರಿಗೇ ಕೊಟ್ಟಿದ್ದೇವೆ. ಆದರೆ ಈ ಬಾರಿ ಎಣ್ಣೆ ಹಾಗೂ ಬತ್ತಿಯ ತೂಕದ ಅನುಪಾತವನ್ನು ಕಾರ್ಯಾದೇಶದ ಮೊದಲ ಸಾಲಿನಲ್ಲೇ ಬರೆದು, ಲೆಕ್ಕದ ಹಾಳೆಯನ್ನು ನೋಡಿ ಸಹಿ ಮಾಡುವವರೆಗೆ ಮುದ್ರಣಕ್ಕೆ ಕಳುಹಿಸುವುದಿಲ್ಲವೆಂಬ ಷರತ್ತು ಹಾಕಿದ್ದೇವೆ.