ಗಿಟಾರ್ ಪೆಡಲ್‌ಗೆ ಯಾವ ಪಾಟ್? ಡಬ್ಲ್ಯುಎಚ್148, ಆಲ್ಫಾ, ಸಿಟಿಎಸ್ ಹಾಕಿ ನೋಡಿದ ಮೇಲೆ

ಮನೆಯಲ್ಲಿ ಗಿಟಾರ್ ಪೆಡಲ್ (ಕಾಲಿನಿಂದ ಒತ್ತಿ ಗಿಟಾರ್‌ನ ಸದ್ದು ಬದಲಿಸುವ ಪೆಟ್ಟಿಗೆ) ಕಟ್ಟುವವರು ಟ್ರಾನ್ಸಿಸ್ಟರ್, ಡಯೋಡ್‌ಗಳ ವಿಚಾರದಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಪಾಟ್ (ಪೊಟೆನ್ಷಿಯೋಮೀಟರ್, ನಾಬ್ ತಿರುಗಿಸಿದಾಗ ರೋಧ ಬದಲಾಗುವ ಬಿಡಿಭಾಗ) ವಿಷಯಕ್ಕೆ ಬಂದರೆ ಮಾತ್ರ ಅಂಗಡಿಯಲ್ಲಿ ಸಿಕ್ಕಿದ್ದೇ ಸರಿ. ಈ ಉದಾಸೀನ ನನಗೆ ಒಪ್ಪಿಗೆಯಿಲ್ಲ. ಪೆಡಲ್ ಮುಚ್ಚಿದ ಮೇಲೆ ನುಡಿಸುವವರ ಕೈಗೆ ಸಿಗುವ ಬಿಡಿಭಾಗ ಅದೊಂದೇ. ರ‍್ಯಾಟ್, ಬಿಗ್ ಮಫ್, ಫಜ್ ಫೇಸ್ ಎಂಬ ಒರಟು ಸದ್ದಿನ ಪೆಡಲ್‌ಗಳ ಸರ್ಕ್ಯೂಟ್‌ಗಳಲ್ಲಿ ಪಾಟ್‌ಗಳನ್ನು ಬದಲಿಸಿ ಹಾಕಿ, ಒಂದೇ ಗಿಟಾರ್, ಒಂದೇ ಆಂಪ್ಲಿಫೈಯರ್‌ನಲ್ಲಿ ಕೇಳಿದ ಮೇಲೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಾಟ್ ಕೇಳಿದರೆ ಮೊದಲು ಕೈಗೆ ಬರುವುದು ಡಬ್ಲ್ಯುಎಚ್148. ಇದು ಒಂದು ಕಂಪನಿಯ ಹೆಸರಲ್ಲ, ಹಲವರು ತಯಾರಿಸುವ 16 ಮಿ.ಮೀ. ಪಾಟ್‌ನ ಮಾದರಿ ಸಂಖ್ಯೆ. ಕಂದು ಬಣ್ಣದ ಫಿನಾಲಿಕ್ ತಳ, ತೆಳುವಾದ ತಗಡಿನ ಬೆನ್ನು, ಹಲ್ಲು ಕೊರೆದ 6 ಮಿ.ಮೀ. ದಂಡ. ಬೆಲೆ ಕಡಿಮೆ, ಹತ್ತಾರು ಒಟ್ಟಿಗೆ ತಂದಿಡಬಹುದು. ಇದರ ಪ್ರತಿಸ್ಪರ್ಧಿ ತೈವಾನ್‌ನ ಆಲ್ಫಾ ಕಂಪನಿಯ 16 ಮಿ.ಮೀ. ಪಾಟ್. ದೂರದಿಂದ ನೋಡಿದರೆ ಎರಡೂ ಒಂದೇ. ಎರಡಕ್ಕೂ ಡಬ್ಬಿಯಲ್ಲಿ 7 ಮಿ.ಮೀ. ತೂತು ಸಾಕು. ವ್ಯತ್ಯಾಸ ಗೊತ್ತಾಗುವುದು ತಿರುಗಿಸಿದಾಗ: ಆಲ್ಫಾದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಹಿಡಿತವಿದೆ. ಡಬ್ಲ್ಯುಎಚ್148ರಲ್ಲಿ ಒಂದು ಸಡಿಲ, ಇನ್ನೊಂದು ಬಿಗಿ.

ಆದರೂ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಹಿಡಿತವಲ್ಲ, ಟೇಪರ್, ಅಂದರೆ ದಂಡ ತಿರುಗಿದಂತೆ ರೋಧ ಏರುವ ರೀತಿ. ಎ ಎಂದರೆ ಲಾಗ್ (ಮೊದಲು ನಿಧಾನ, ಕೊನೆಗೆ ವೇಗ), ಬಿ ಎಂದರೆ ಲೀನಿಯರ್ (ಉದ್ದಕ್ಕೂ ಒಂದೇ ಸಮ), ಸಿ ಎಂದರೆ ರಿವರ್ಸ್ ಲಾಗ್ (ಲಾಗ್‌ನ ತಿರುಗುಮುರುಗು). (ಹಳೆಯ ಐರೋಪ್ಯ ಸರಕಿನಲ್ಲಿ ಎ ಎಂದರೆ ಲೀನಿಯರ್, ಹಳೆಯ ರೇಡಿಯೊ ಬಿಚ್ಚಿ ಪಾಟ್ ತೆಗೆಯುವವರು ಎಚ್ಚರವಾಗಿರಬೇಕು.) ಡಬ್ಲ್ಯುಎಚ್148 ಇಲ್ಲಿ ಸಿಗುವುದು ಬಹುಪಾಲು ಬಿ ಟೇಪರ್‌ನಲ್ಲಿ. ಎ ಎಂದು ಅಚ್ಚಾಗಿದ್ದೂ ಮಲ್ಟಿಮೀಟರ್ ಇಟ್ಟಾಗ ಲೀನಿಯರ್ ಆಗಿ ವರ್ತಿಸುವಂಥವು ನನ್ನ ಪೆಟ್ಟಿಗೆಯಲ್ಲಿವೆ. ಪರೀಕ್ಷೆ ಸುಲಭ: ದಂಡವನ್ನು ನಿಮ್ಮ ಕಡೆಗೆ, ಕಾಲುಗಳನ್ನು (ತಂತಿ ಬೆಸೆಯುವ ಮೂರು ತುದಿಗಳನ್ನು) ಕೆಳಗೆ ಹಿಡಿದು, ಸರಿಯಾಗಿ ನಡುವಿಗೆ ತಿರುಗಿಸಿ, ಎಡಗಾಲಿಗೂ ನಡುಗಾಲಿಗೂ ಮಧ್ಯೆ ಅಳೆಯಿರಿ. 100 ಕಿಲೋ ಓಮ್‌ನ ಲಾಗ್ ಪಾಟ್ ಆಗಿದ್ದರೆ 10ರಿಂದ 15 ಕಿಲೋ ಓಮ್ ತೋರಿಸಬೇಕು. 50ರ ಆಸುಪಾಸು ತೋರಿಸಿದರೆ, ಬೆನ್ನ ಮೇಲೆ ಏನೇ ಅಚ್ಚಾಗಿರಲಿ, ಅದು ಲೀನಿಯರ್.

ಇದರ ಪರಿಣಾಮ ಎಷ್ಟೆಂಬುದು ರ‍್ಯಾಟ್ ಪೆಡಲ್‌ನ ಫಿಲ್ಟರ್ ನಾಬ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಲಿರುವುದು 100 ಕಿಲೋ ಓಮ್ ಲಾಗ್ ಪಾಟ್, ಜೊತೆಗೆ 1.5 ಕಿಲೋ ಓಮ್ ರೆಸಿಸ್ಟರ್ ಮತ್ತು 3.3 ನ್ಯಾನೋಫ್ಯಾರಡ್ ಕೆಪಾಸಿಟರ್. ಆಲ್ಫಾದ ಲಾಗ್ ಪಾಟ್ ನಡುವಿನಲ್ಲಿದ್ದಾಗ ಫಿಲ್ಟರ್ ಸುಮಾರು 2,900 ಹರ್ಟ್ಸ್‌ನಿಂದ ಮೇಲಿನ ಸ್ವರಾಂಶಗಳನ್ನು ತಗ್ಗಿಸುತ್ತದೆ. ಅದೇ ಜಾಗಕ್ಕೆ ಲೀನಿಯರ್ ಪಾಟ್ ಹಾಕಿದರೆ ಆ ಮಿತಿ ಸುಮಾರು 940 ಹರ್ಟ್ಸ್‌ಗೆ ಇಳಿಯುತ್ತದೆ. ನಾಬ್ ಅರ್ಧಕ್ಕೆ ಬರುವಷ್ಟರಲ್ಲೇ ಕಂಬಳಿ ಹೊದಿಸಿದಂತೆ ಸದ್ದು ಮಂಕಾಗುತ್ತದೆ, ಬೇಕಾದ ಬಣ್ಣಗಳೆಲ್ಲ ಮೊದಲ ಕಾಲುಭಾಗದಲ್ಲಿ ಇಕ್ಕಟ್ಟಾಗಿ ಸೇರಿಕೊಳ್ಳುತ್ತವೆ. ಪಾಟ್ ಕೆಟ್ಟದ್ದೇನಲ್ಲ, ಟೇಪರ್ ತಪ್ಪು. ಇದರ ಪಕ್ಕದಲ್ಲಿ ಶೇಕಡ 20ರ ಟಾಲರೆನ್ಸ್ (ಅಚ್ಚಾದ ಮೌಲ್ಯಕ್ಕಿಂತ ಹೆಚ್ಚುಕಡಿಮೆ) ದೊಡ್ಡ ವಿಷಯವೇ ಅಲ್ಲ: ಪೂರ್ತಿ ತಿರುಗಿಸಿದಾಗಿನ 475 ಹರ್ಟ್ಸ್ ಹೆಚ್ಚೆಂದರೆ 400ಕ್ಕೋ 590ಕ್ಕೋ ಸರಿಯುತ್ತದೆ, ಅಷ್ಟೆ.

ಫಜ್ ಫೇಸ್‌ನದು ಇದಕ್ಕೆ ತದ್ವಿರುದ್ಧ. ಅದರ 1 ಕಿಲೋ ಓಮ್ ಫಜ್ ನಾಬ್ ಮೂಲದಲ್ಲಿ ಲೀನಿಯರ್. ಸದ್ದಿನ ಬದಲಾವಣೆಯೆಲ್ಲ ಕೊನೆಯ ಚೂರಿನಲ್ಲೇ ನಡೆದುಹೋಗುತ್ತದೆ. ರಿವರ್ಸ್ ಲಾಗ್ ಹಾಕಿದಾಗ ಅದು ಹರಡಿಕೊಂಡು, ಹದವಾದ ಒರಟುತನವನ್ನು ನಿಧಾನವಾಗಿ ಹುಡುಕಿಕೊಳ್ಳಲು ಸಾಧ್ಯವಾಯಿತು. ಮೂಲಕ್ಕೆ ನಿಷ್ಠರಾಗಿರಬೇಕೆನ್ನುವವರು ಲೀನಿಯರ್ ಹಾಕಿಕೊಳ್ಳಲಿ. ನಾನು ಸಿ ಟೇಪರ್ ಬಿಟ್ಟು ಬೇರೆ ಹಾಕುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಅದು ಸಿಗುವುದು ಕಷ್ಟ, ಪೆಡಲ್ ಬಿಡಿಭಾಗ ಮಾರುವವರಿಂದ ಆಲ್ಫಾವನ್ನೇ ತರಿಸಬೇಕು.

ಲೀನಿಯರ್ ಪಾಟ್‌ನ (100 ಕಿಲೋ ಓಮ್‌ನದು) ನಡುಗಾಲಿಗೂ ನೆಲದ (ಗ್ರೌಂಡ್) ಕಾಲಿಗೂ 15 ಕಿಲೋ ಓಮ್ ರೆಸಿಸ್ಟರ್ ಬೆಸೆದು ಲಾಗ್ ಮಾಡಿಕೊಳ್ಳುವ ಉಪಾಯ ಎಲ್ಲರಿಗೂ ಗೊತ್ತು. ನಡುವಿನಲ್ಲಿ ಶೇಕಡ 19ರಷ್ಟು ಬರುತ್ತದೆ, ಕಿವಿಗೆ ಪರವಾಗಿಲ್ಲ. ಆದರೆ ವಾಲ್ಯೂಮ್ ಪೂರ್ತಿ ಏರಿಸಿದಾಗ ಹಿಂದಿನ ಹಂತಕ್ಕೆ ಕಾಣುವ ಭಾರ 100 ಕಿಲೋ ಓಮ್ ಅಲ್ಲ, ಬರೀ 13. ಬಿಗ್ ಮಫ್‌ನ ಕೊನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ 10 ಕಿಲೋ ಓಮ್ ಇದ್ದರೆ ಸುಮಾರು 4 ಡೆಸಿಬೆಲ್ ಕೈಬಿಟ್ಟು ಹೋಗುತ್ತದೆ. ಬಿಗ್ ಮಫ್‌ಗೆ ಸದ್ದಿನ ಕೊರತೆಯಿಲ್ಲ, ತಡೆದುಕೊಳ್ಳುತ್ತದೆ. ಮೊದಲೇ ಸಣ್ಣ ಸದ್ದಿನ ಪೆಡಲ್‌ಗಳಲ್ಲಿ ಈ ಉಪಾಯ ಬೇಡ.

ಇನ್ನು ಗಿಟಾರ್‌ನೊಳಗೆ ಹಾಕುವ ಸಿಟಿಎಸ್ ಕಂಪನಿಯ 24 ಮಿ.ಮೀ. ಪಾಟ್. ತಿರುಗಿಸಲು ಬಹಳ ಹಿತ, ಗಟ್ಟಿಮುಟ್ಟು. ಆದರೆ 125ಬಿ ಅಳತೆಯ ಡಬ್ಬಿಯ ಅಗಲ ಹೊರಗಿನಿಂದಲೇ 66 ಮಿ.ಮೀ.; ಸಾಲಾಗಿ ಮೂರು ಸಿಟಿಎಸ್ ಇಟ್ಟರೆ 72 ಆಯಿತು. ಒಂದೇ ನಾಬ್‌ನ ಬೂಸ್ಟರ್‌ಗೆ ಹಾಕಿ ಸಂತೋಷಪಡಬಹುದು. 9 ಮಿ.ಮೀ. ಪಾಟ್ 1590ಎ ತರಹದ ಪುಟ್ಟ ಡಬ್ಬಿಗೆ ಮಾತ್ರ. ಅದರಲ್ಲೂ ಕುತ್ತಿಗೆಯಲ್ಲಿ ಸ್ಕ್ರೂ ಮರೆಯಿರುವ, ನಟ್ಟಿನಿಂದ ಡಬ್ಬಿಗೆ ಬಿಗಿಯುವಂಥದ್ದನ್ನೇ ಕೊಳ್ಳಿ. ಮರೆಯಿಲ್ಲದ ಬಗೆಯಲ್ಲಿ ನಾಬ್ ಮೇಲೆ ಬಿದ್ದ ಕಾಲಿನ ಒದೆತವೆಲ್ಲ ನೇರವಾಗಿ ಬೋರ್ಡಿನ ಬೆಸುಗೆಗೆ ತಾಗುತ್ತದೆ.

ಹಾಗಾದರೆ ಡಬ್ಲ್ಯುಎಚ್148 ಎಸೆಯಬೇಕೆ? ಖಂಡಿತ ಬೇಡ. ಬಿಗ್ ಮಫ್‌ನ ಟೋನ್ ನಾಬ್ ಲೀನಿಯರ್ ಕೇಳುತ್ತದೆ. ಅಲ್ಲಿ ಅದನ್ನು ಹಾಕಿ ಕಣ್ಣುಮುಚ್ಚಿ ಕೇಳಿದಾಗ ಆಲ್ಫಾಕ್ಕೂ ಇದಕ್ಕೂ ಭೇದ ನನಗೆ ಸಿಗಲಿಲ್ಲ. ಬೆಸುಗೆ ಹಾಕುವಾಗ ಕಾವನ್ನು ಹೆಚ್ಚು ಹೊತ್ತು ಹಿಡಿಯಬಾರದು, ಫಿನಾಲಿಕ್ ತಳದಲ್ಲಿ ಕಾಲು ಸಡಿಲವಾಗುತ್ತದೆ. ತಗಡಿನ ಬೆನ್ನು ಬೋರ್ಡಿಗೆ ತಾಗಿ ಶಾರ್ಟ್ ಆಗದಂತೆ ಇನ್ಸುಲೇಷನ್ ಟೇಪ್ ಅಂಟಿಸಿ. ನಾಬ್ ಕೊಳ್ಳುವಾಗ ದಂಡದ ಅಳತೆ ನೋಡಿ: ಅಮೆರಿಕದ ಮಾದರಿಯ ಸ್ಕ್ರೂ ನಾಬ್‌ಗಳ ತೂತು 6.35 ಮಿ.ಮೀ., 6 ಮಿ.ಮೀ. ದಂಡದ ಮೇಲೆ ಅವು ಓಲಾಡುತ್ತವೆ.

ಹೊಸ ಪಾಟ್ ಕರಕರ ಎಂದರೆ ಕೂಡಲೇ ಅಗ್ಗದ ಮಾಲು ಎಂದು ಬೈಯುವುದು ರೂಢಿ. ಅದಕ್ಕೂ ಮೊದಲು ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ವಾಲ್ಯೂಮ್ ಪಾಟ್‌ಗೆ ಸಿಗ್ನಲ್ ಬರುವ ಕಾಲನ್ನು ನೆಲಕ್ಕೆ ಹೋಲಿಸಿ ನೋಡಿ. ಅಲ್ಲಿ ಸೊನ್ನೆ ಇರಬೇಕು. ವೋಲ್ಟೇಜ್ ಕಂಡರೆ ಹಿಂದಿನ ಕೆಪಾಸಿಟರ್ ಸೋರುತ್ತಿದೆ ಎಂದರ್ಥ. ಎಷ್ಟೇ ದುಬಾರಿ ಪಾಟ್ ಹಾಕಿದರೂ ಕರಕರ ಹೋಗುವುದಿಲ್ಲ, ಬದಲಿಸಬೇಕಾದದ್ದು ಕೆಪಾಸಿಟರನ್ನು. ಫಜ್ ಫೇಸ್‌ನ ಫಜ್ ನಾಬ್‌ಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಪಾಟ್‌ನ ಮೂಲಕ ಡಿಸಿ ಹರಿಯುವುದು ಸರ್ಕ್ಯೂಟ್‌ನ ಸಹಜ ಕೆಲಸ, ತಿರುಗಿಸುವಾಗಿನ ಸಣ್ಣ ಕರಕರವೂ ಅದರ ಜೊತೆಗೇ ಬರುತ್ತದೆ.