ಲಂಡನ್‌ನಿಂದ ನ್ಯೂಕ್ಯಾಸಲ್‌ಗೆ: ಎ1 ಹಿಡಿಯೋದೋ, ಎಂ1 ಹಿಡಿಯೋದೋ?

ಎರಡೂ ಲಂಡನ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಗಳು, ಎರಡಕ್ಕೂ ಟೋಲ್ ಇಲ್ಲ. ಆಯ್ಕೆಯ ಪ್ರಶ್ನೆ ಯಾರ್ಕ್‌ಶೈರ್‌ವರೆಗೆ ಮಾತ್ರ. 1999ರಲ್ಲಿ ಅಲ್ಲಿನ ಲೀಡ್ಸ್ ಆಚೆ ಎಂ1 ಹೋಗಿ ಎ1ಕ್ಕೇ ಸೇರಿಕೊಂಡಿತು.

ಎಂ1 ಪೂರ್ತಿ ಮೋಟಾರ್‌ವೇ, ಅಂದರೆ ಅಡ್ಡರಸ್ತೆಗಳಿಲ್ಲದ ವೇಗದ ಹೆದ್ದಾರಿ, ರೌಂಡಬೌಟ್ ಕಾಟವಿಲ್ಲ. ಆದರೆ ಹಲವು ಕಡೆ ಪಕ್ಕದ ತುರ್ತು ಪಟ್ಟಿಯನ್ನೇ ಓಡಾಟಕ್ಕೆ ಬಿಟ್ಟಿದ್ದಾರೆ. ಗಾಡಿ ಕೆಟ್ಟರೆ ತುರ್ತಾಗಿ ಗಾಡಿ ನಿಲ್ಲಿಸಲು ಇರುವ ಕಿತ್ತಳೆ ಬಣ್ಣದ ತಂಗುಕಟ್ಟೆಯವರೆಗೆ ತಳ್ಳಿಕೊಂಡಾದರೂ ಹೋಗೋಣ ಅನ್ನುವಂತಿಲ್ಲ. ಹಳೇ ಕಾರಿದ್ದವರು ಇದನ್ನು ಯೋಚಿಸಬೇಕು. ಪೆಟ್ರೋಲ್ ಹೊರಡುವ ಮೊದಲೇ ತುಂಬಿಸಿ, ಮೋಟಾರ್‌ವೇ ಬಂಕ್‌ಗಳಲ್ಲಿ ದುಬಾರಿ.

ಎ1 ಅಂದರೆ ಲಂಡನ್‌ನಿಂದ ಉತ್ತರಕ್ಕಿದ್ದ ಹಳೆಯ ಹೆದ್ದಾರಿ ಗ್ರೇಟ್ ನಾರ್ತ್ ರೋಡಿನ ಜಾಡು. ಕೆಲವು ತುಂಡುಗಳು ಮೋಟಾರ್‌ವೇ, ಉಳಿದದ್ದು ಹೋಗಲು ಬರಲು ಬೇರೆಬೇರೆ ದಾರಿಯಿರುವ ಜೋಡಿರಸ್ತೆ. ಬಿಗಲ್ಸ್‌ವೇಡ್, ಸ್ಯಾಂಡಿ, ಬಕ್ಡನ್ ರೌಂಡಬೌಟ್‌ಗಳಲ್ಲಿ ಸಂಜೆ ಸಾಲು ನಿಲ್ಲುತ್ತದೆ. ಪಕ್ಕದಿಂದ ಸೇರುವ ದಾರಿಗಳು ಗಿಡ್ಡ, ಟ್ರ್ಯಾಕ್ಟರ್ ಎದುರಾದರೂ ಆಶ್ಚರ್ಯವಿಲ್ಲ. ಪೀಟರ್‌ಬರೋ, ಸ್ಟ್ಯಾಮ್‌ಫರ್ಡ್ ಕಡೆ ಕೆಲಸವಿದ್ದರೆ ಇದೇ ಸರಿ. ಲೆಸ್ಟರ್, ಶೆಫೀಲ್ಡ್‌ಗಾದರೆ ಎಂ1.

ಹೊಸ ಚಾಲಕರಿಗೆ, ರಾತ್ರಿ ಪಯಣಕ್ಕೆ ಎಂ1 ಹಗುರ. ಎಂ1 ಹಿಡಿದು ಮುಂದೆ ಎ1ಕ್ಕೆ ಸೇರಿದರೆ, 2018ರಿಂದ ನ್ಯೂಕ್ಯಾಸಲ್ ಹತ್ತಿರದವರೆಗೂ ಮೋಟಾರ್‌ವೇ ತುಂಡಾಗುವುದಿಲ್ಲ. ಎಡಿನ್‌ಬರೋಗೆ ಮುಂದುವರಿದರೆ ಮಾತ್ರ ಎಚ್ಚರ: ಮಾರ್ಪೆತ್ ದಾಟಿದ ಮೇಲೆ ಎ1 ಅಲ್ಲಲ್ಲಿ ಒಂಟಿರಸ್ತೆ. ಲಾರಿ ಹಿಂದೆ ಸಿಕ್ಕಿಕೊಂಡರೆ ಜೋಡಿರಸ್ತೆ ಬರುವವರೆಗೂ ಕಾಯಿರಿ.