ಗೆದ್ದವರು ಕೋಚ್ ಬದಲಿಸಬೇಕೇ? ಇಬ್ಬರ ಬಳಿ ಕಲಿತವನ ಹೋಲಿಕೆ

ಕಲಬುರಗಿಯಲ್ಲಿ ನನ್ನ ಬಳಿ ಬಾಕ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಕಳೆದ ವರ್ಷ ಕಿರಿಯರ ವಿಭಾಗದಲ್ಲಿ ರಾಜ್ಯ ಚಾಂಪಿಯನ್ ಆದಳು. ಹೋದ ವಾರ ಅವಳ ತಾಯಿ ಬಂದು, "ಅಣ್ಣಾ, ಇವಳನ್ನು ಹೈದರಾಬಾದಿಗೆ ಕಳಿಸಬೇಕೋ, ನಿಮ್ಮ ಹತ್ತಿರವೇ ಬಿಡಬೇಕೋ? ನಿಜ ಹೇಳಿರಿ" ಎಂದರು. ಇಪ್ಪತ್ತರ ವಯಸ್ಸಿನಲ್ಲಿ ಇದೇ ಪ್ರಶ್ನೆ ನನ್ನ ಮುಂದೆಯೂ ಇತ್ತು. ನಾಲ್ಕು ವರ್ಷ ಇಲ್ಲಿನ ಉಸ್ತಾದರ ಬಳಿ, ಆಮೇಲೆ ಹದಿನಾಲ್ಕು ತಿಂಗಳು ಹೈದರಾಬಾದಿನ ಕೋಚ್ ಬಳಿ ಕಲಿತವನು ನಾನು. ಇಬ್ಬರ ಋಣವೂ ನನ್ನ ಮೇಲಿದೆ. ಆದ್ದರಿಂದ ಅವರ ವ್ಯತ್ಯಾಸವನ್ನು ಮುಚ್ಚಿಡದೆ ಹೇಳುತ್ತೇನೆ.

ಉಸ್ತಾದರು ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ ಬೆಳೆದವರು. ಜಾತ್ರೆಗಳ ಕುಸ್ತಿ ಕಣ ನೋಡಿ, ಆಮೇಲೆ ಸೇನೆಯಲ್ಲಿ ಬಾಕ್ಸಿಂಗ್ ಕಲಿತು ಊರಿಗೆ ಬಂದಿದ್ದರು. ಏಪ್ರಿಲ್ ಬಂದರೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಿಗ್ಗೆ ಐದಕ್ಕೆ ಅಭ್ಯಾಸ ಶುರು, ಏಳೂವರೆಗೆ ಮುಕ್ತಾಯ. ಕೈಗೆ ಪಟ್ಟಿ ಸುತ್ತುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು ಎಳೆ. ಸುತ್ತುತ್ತಲೇ ನನ್ನ ಮುಖ ನೋಡುವರು. ರಾತ್ರಿ ನಿದ್ದೆ ಬಂದಿಲ್ಲ, ಮನೆಯಲ್ಲಿ ಜಗಳವಾಗಿದೆ ಎಂಬುದೆಲ್ಲ ಆ ಎರಡು ನಿಮಿಷದಲ್ಲಿ ಅವರಿಗೆ ತಿಳಿದುಬಿಡುತ್ತಿತ್ತು. ಅಂಥ ದಿನ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾಳಗ) ಇಲ್ಲ, ಬರೀ ಹಗ್ಗ ಜಿಗಿತ.

ಹೈದರಾಬಾದಿನ ಕೋಚ್ ಮೊದಲ ದಿನವೇ ಮೊಬೈಲಿನಲ್ಲಿ ನನ್ನ ವಿಡಿಯೊ ತೆಗೆದು, ಒಂದೊಂದು ಚಿತ್ರವನ್ನಾಗಿ ನಿಲ್ಲಿಸಿ ತೋರಿಸಿದರು. ಜ್ಯಾಬ್ (ಮುಂದಿನ ಕೈಯ ನೇರ ಏಟು) ಹೊಡೆದ ಮೇಲೆ ನನ್ನ ಎಡಗೈ ಗಲ್ಲಕ್ಕೆ ಮರಳದೆ ಎದೆಯ ಮಟ್ಟಕ್ಕೆ ಇಳಿಯುತ್ತಿತ್ತು. ನಾಲ್ಕು ವರ್ಷ ಹೊತ್ತು ತಿರುಗಿದ್ದ ತಪ್ಪು! ಉಸ್ತಾದರ ಕಣ್ಣಿಗೆ ಇದು ಬಿದ್ದಿರಲಿಲ್ಲವೇ? ಬಿದ್ದಿತ್ತು, ಬೈದೂ ಇದ್ದರು. ಆದರೆ ನಮ್ಮ ಜಿಮ್ಮಿನಲ್ಲಿ ನನ್ನ ತೂಕದ ಹುಡುಗರು ಇಬ್ಬರೇ ಇದ್ದರು. ಆ ಸಂದಿಯಲ್ಲಿ ಬಲಗೈಯ ನೇರ ಏಟು (ಕ್ರಾಸ್) ತೂರಿಸುವ ವೇಗ ಅವರಿಗಿರಲಿಲ್ಲ. ಹೈದರಾಬಾದಿನಲ್ಲಿ ಅಂಥವರು ಎಂಟು ಮಂದಿ. ಮೊದಲ ವಾರವೇ ಮೂಗು ಒಡೆಯಿತು, ಎರಡೇ ತಿಂಗಳಿಗೆ ಎಡಗೈ ತಾನಾಗಿ ಮೇಲಕ್ಕೆ ಬರತೊಡಗಿತು. ದೊಡ್ಡ ಊರಿನ ನಿಜವಾದ ಲಾಭ ಈ ಎದುರಾಳಿಗಳು ಎಂದು ನಾನು ನಂಬಿದ್ದೇನೆ. ನಮ್ಮ ನೆರೆಯ ನಿಜಾಮಾಬಾದಿನಲ್ಲಿ ಕಲಿಕೆ ಆರಂಭಿಸಿದ ಬಾಕ್ಸರ್ ನಿಖತ್ ಜರೀನ್ ವಿಶಾಖಪಟ್ಟಣದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಕ್ಕೆ ಹೋದರು. 2011ರಲ್ಲಿ ಕಿರಿಯರ ವಿಶ್ವ ಚಿನ್ನ ಗೆದ್ದ ಅವರು 2022ರಲ್ಲಿ ಇಸ್ತಾಂಬುಲ್‌ನಲ್ಲಿ ಹಿರಿಯರ ಚಿನ್ನವನ್ನೂ ಗೆದ್ದರು. ಊರಲ್ಲೇ ಉಳಿದಿದ್ದರೆ ಅಷ್ಟು ಬಗೆಯ ಕೈಗಳು ಅವರಿಗೆ ಸಿಗುವುದು ಕಷ್ಟವಿತ್ತು.

ಕೌಶಲದ ವಿಷಯದಲ್ಲಿ ಹೀಗೆ ಹೈದರಾಬಾದಿನದೇ ಮೇಲುಗೈ. ಕಾರ್ನರಿನಲ್ಲಿ, ಅಂದರೆ ಸುತ್ತುಗಳ ನಡುವೆ ಕೋಚ್ ಬಳಿ ಬಂದು ಕೂರುವ ರಿಂಗಿನ ಮೂಲೆಯಲ್ಲಿ ಮಾತ್ರ ಲೆಕ್ಕ ತಿರುಗಿತು.

ಅಲ್ಲಿಗೆ ಹೋದ ಐದನೇ ತಿಂಗಳಿಗೆ ರಾಜ್ಯ ಮಟ್ಟದ ಸೆಮಿಫೈನಲ್. ಎರಡನೇ ಸುತ್ತಿನಲ್ಲಿ ಚೆನ್ನಾಗಿ ಹೊಡೆಸಿಕೊಂಡು ಸ್ಟೂಲಿನ ಮೇಲೆ ಬಂದು ಕೂತೆ. ವಿರಾಮ ಇರುವುದೇ ಒಂದು ನಿಮಿಷ. ಹೊಸ ಕೋಚ್ ನಾಲ್ಕು ಸೂಚನೆ ಕೊಟ್ಟರು: ಬಲಕ್ಕೆ ಸರಿ, ಜ್ಯಾಬ್ ಎರಡು ಬಾರಿ, ಹೊಟ್ಟೆಗೆ ಹೊಡಿ, ಹಗ್ಗಕ್ಕೆ ಒರಗಬೇಡ. ನಾಲ್ಕೂ ಸರಿಯಾದವೇ. ಗಂಟೆ ಬಾರಿಸಿದಾಗ ಒಂದೂ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಉಸ್ತಾದರಾಗಿದ್ದರೆ ಮೊದಲ ಅರ್ಧ ನಿಮಿಷ ಬಾಯಿ ತೆರೆಯುತ್ತಿರಲಿಲ್ಲ. ಒಂದು ಗುಟುಕು ನೀರು ಕೊಟ್ಟು, ಕತ್ತಿನ ಹಿಂದೆ ಒದ್ದೆ ಬಟ್ಟೆಯಿಟ್ಟು, ಉಸಿರು ಹತೋಟಿಗೆ ಬರಲು ಬಿಟ್ಟು ಒಂದೇ ಮಾತು ಹೇಳುವರು: "ತಮ್ಮಾ, ಎಡಗೈ ಮೊದಲು." ಆ ದಿನ ಅವರು ಬಸ್ಸಿನಲ್ಲಿ ಬಂದು ಪ್ರೇಕ್ಷಕರ ನಡುವೆ ಕೂತಿದ್ದರು. ನಾನು ಅವರತ್ತ ನೋಡಿದೆ, ಅವರು ಏನೂ ಹೇಳಲಿಲ್ಲ. ಸೋತೆ. ಆಮೇಲೆ ಕೇಳಿದ್ದಕ್ಕೆ, "ಒಂದು ಕಾರ್ನರಿಗೆ ಒಂದೇ ಬಾಯಿ ಇರಬೇಕು" ಎಂದರು.

ಹೊಸ ಕೋಚ್ ಕೆಟ್ಟವರೆಂದು ಇದರರ್ಥವಲ್ಲ. ನನ್ನ ಕಿವಿ ಎಷ್ಟು ಹಿಡಿಯುತ್ತದೆ ಎಂಬುದು ಅವರಿಗೆ ತಿಳಿಯಲು ಐದು ತಿಂಗಳು ಸಾಲಲಿಲ್ಲ, ಅಷ್ಟೇ. ಹನ್ನೊಂದನೇ ತಿಂಗಳ ಹೊತ್ತಿಗೆ ಅವರೂ ಒಂದೇ ಮಾತು ಹೇಳುತ್ತಿದ್ದರು, ನಾನು ಗೆಲ್ಲುತ್ತಿದ್ದೆ.

ದೊಡ್ಡ ಹೆವಿವೇಟ್ ಬಾಕ್ಸರುಗಳ ಕಥೆಯಲ್ಲೂ ಸಮಯವೇ ನನಗೆ ಎದ್ದು ಕಾಣುತ್ತದೆ. ಲೆನಾಕ್ಸ್ ಲೂಯಿಸ್ 1994ರಲ್ಲಿ ಆಲಿವರ್ ಮೆಕಾಲ್‌ಗೆ ಎರಡನೇ ಸುತ್ತಿನಲ್ಲೇ ಸೋತಾಗ, ಮೆಕಾಲ್‌ನ ಕಾರ್ನರಿನಲ್ಲಿದ್ದ ಇಮ್ಯಾನುಯೆಲ್ ಸ್ಟುವರ್ಡ್ ಅವರನ್ನೇ ತನ್ನ ತರಬೇತುದಾರರನ್ನಾಗಿ ಮಾಡಿಕೊಂಡ. ಮೆಕಾಲ್‌ನನ್ನು ಮತ್ತೆ ಎದುರಿಸಿ ಗೆದ್ದದ್ದು 1997ರ ಫೆಬ್ರವರಿಯಲ್ಲಿ. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಇತ್ತು. 2001ರ ಏಪ್ರಿಲ್‌ನಲ್ಲಿ ಹಾಸಿಂ ರಹಮಾನ್‌ಗೆ ಸೋತಾಗ ಅದೇ ಲೂಯಿಸ್ ಸ್ಟುವರ್ಡ್ ಅವರನ್ನು ಬಿಡಲಿಲ್ಲ. ನವೆಂಬರಿನಲ್ಲಿ ರಹಮಾನ್‌ನನ್ನು ನಾಲ್ಕನೇ ಸುತ್ತಿನಲ್ಲಿ ನೆಲಕ್ಕುರುಳಿಸಿದ. ಆಂಥೋನಿ ಜೋಶುವಾ 2021ರ ಸೆಪ್ಟೆಂಬರಿನಲ್ಲಿ ಒಲೆಕ್ಸಾಂಡರ್ ಉಸಿಕ್‌ಗೆ ಸೋತು ತರಬೇತುದಾರರನ್ನು ಬದಲಿಸಿ, ಹನ್ನೊಂದೇ ತಿಂಗಳಲ್ಲಿ ನಡುವೆ ಬೇರೆ ಪಂದ್ಯವಾಡದೆ ಮತ್ತೆ ಅವನೆದುರೇ ನಿಂತ. ಮೊದಲಿಗಿಂತ ಚೆನ್ನಾಗಿ ಆಡಿದ, ಆದರೂ ಸೋತ. ಹೊಸ ಪಾಠ ಮೈಗೂಡಲು ಸಣ್ಣ ಪಂದ್ಯಗಳು ಬೇಕಿದ್ದವು ಎಂದೇ ನನಗನ್ನಿಸುತ್ತದೆ.

ಟೈಸನ್‌ನ ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗೆಲ್ಲುತ್ತಿದ್ದಾಗಲೇ, 1988ರಲ್ಲಿ ತನ್ನ ತರಬೇತುದಾರ ಕೆವಿನ್ ರೂನಿಯನ್ನು ಬಿಟ್ಟ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ಎದುರು ಅವನ ಕಣ್ಣು ಊದಿಕೊಂಡಾಗ, ಊತ ಒತ್ತಲು ಬೇಕಾದ ತಣ್ಣಗಿನ ಲೋಹದ ತುಂಡೂ ಅವನ ಕಾರ್ನರಿನಲ್ಲಿ ಇರಲಿಲ್ಲ. ರಬ್ಬರ್ ಕೈಗವಸಿಗೆ ತಣ್ಣೀರು ತುಂಬಿ ಒತ್ತಿದರು. ವಿಶ್ವ ಚಾಂಪಿಯನ್ನನ ಕಾರ್ನರು ಅದು!

ಹೀಗಾಗಿ ಆ ತಾಯಿಗೆ, "ಕಳಿಸಿರಿ" ಎಂದೆ. ಹೇಳುವಾಗ ಗಂಟಲು ಕಟ್ಟಿತು. ಆದರೆ ನನ್ನ ಬಳಿ ಅವಳ ತೂಕದ ಹುಡುಗಿ ಒಬ್ಬಳೇ ಇದ್ದಾಳೆ, ಅವಳನ್ನು ಇವಳು ಆರು ತಿಂಗಳಿನಿಂದ ಸುಲಭವಾಗಿ ಸೋಲಿಸುತ್ತಿದ್ದಾಳೆ. ಪರೀಕ್ಷೆ ಮುಗಿಸಿ ಜೂನ್‌ನಲ್ಲಿ ಹೋಗಲಿ, ಮೊದಲ ಆರು ತಿಂಗಳು ದೊಡ್ಡ ಟೂರ್ನಿ ಬೇಡ, ಒಂದು ಸೋಲಿಗೆ ಹೆದರಿ ವಾಪಸು ಕರೆಸಬೇಡಿ ಎಂದು ಕೇಳಿಕೊಂಡೆ.

ಹೊಸ ಕೋಚ್‌ಗೆ ಕೊಡಲು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ: ಎಡ ಹೆಬ್ಬೆರಳು ಒಮ್ಮೆ ಉಳುಕಿದೆ, ಪಟ್ಟಿ ಎರಡು ಸುತ್ತು ಹೆಚ್ಚು ಬೇಕು. ಏಟು ಬಿದ್ದರೆ ನಗುತ್ತಾಳೆ, ನಕ್ಕರೆ ನೋವಾಗಿದೆ ಎಂದೇ ತಿಳಿಯಿರಿ. ವಿರಾಮದಲ್ಲಿ ಮೊದಲು ನೀರು, ಆಮೇಲೆ ಒಂದೇ ಮಾತು. ಹುಡುಗಿ ಅದನ್ನು ಓದಿ, "ಕಾರ್ನರಿಗೆ ನೀವು ಬರುವುದಿಲ್ಲವೇ ಸರ್?" ಎಂದಳು. ಪ್ರೇಕ್ಷಕರ ನಡುವೆ ಕೂತಿರುತ್ತೇನೆ, ನನ್ನ ಕಡೆ ನೋಡಬೇಡ ಎಂದೆ.